ಒಳಹೊಲಿಗೆಯ ಗಂಟು

ಭಾನುವಾರ ಸಂಜೆ ಮಗಳು ಆ ಮನೆಯಿಂದ ಬಂದಾಗ ನಾನು ಮೊದಲು ನೋಡುವುದು ಅವಳ ಮುಖವನ್ನಲ್ಲ, ಅವಳ ಚೀಲವನ್ನು. ಅವಳು ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚುವಷ್ಟರಲ್ಲಿ ಚೀಲದ ಜಿಪ್ ಎಳೆದು, ಬಿಳಿ ಫ್ರಾಕನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಿರುತ್ತೇನೆ. ಮಕ್ಕಳ ಬಟ್ಟೆಯ ಕಲೆ ತೆಗೆಯುವ ಪುಡಿ, ದ್ರಾವಣ, ಸೋಪಿನ ಬಿಲ್ಲೆಗಳನ್ನು ಮಾಡಿ ಮಾರುವುದು ನನ್ನ ಕಸುಬು. ಬೆಳಕಿಗೆ ಹಿಡಿದ ಬಟ್ಟೆ ನನ್ನೆದುರು ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದೆ.

“ಅಮ್ಮಾ, ನಿನ್ನೆ ಏನಾಯ್ತು ಗೊತ್ತಾ? ಬಟ್ಟಲು ತುಂಬ ದಾಳಿಂಬೆ! ಹೊಟ್ಟೆ ಮೇಲೇ ಸುರ್ಕೊಂಡ್ಬಿಟ್ಟೆ. ಆಮೇಲೆ ಅದರ ಮೇಲೇ ಕೂತ್ಕೊಂಡ್ಬಿಟ್ಟೆ!”

ಮಗಳು ಬಾಯಿ ತೆರೆದರೆ ಮುಚ್ಚುವವಳಲ್ಲ. ಅದಕ್ಕೇ ಅವಳಿಗೆ ಜೀರುಂಡೆ ಎಂದು ಹೆಸರು. ಆದರೆ ಅಂದು ನಾನು ಫ್ರಾಕನ್ನು ಹಿಂದೆ ಮುಂದೆ ತಿರುವಿ ನೋಡುತ್ತಿರುವುದನ್ನು ಕಂಡು ಜೀರುಂಡೆಯ ಸದ್ದು ಥಟ್ಟನೆ ನಿಂತಿತು.

“ಈ ಫ್ರಾಕಾ?”

“ಹೂಂ.”

“ಎಲ್ಲಿ?”

“ಏನು ಎಲ್ಲಿ?”

“ಕಲೆ ಎಲ್ಲೇ?”

“ಹೋಯ್ತಲ್ಲ. ಚಿಕ್ಕಿ ತೆಗೆದ್ಲು,” ಎಂದವಳೇ ಕೈ ತೊಳೆಯಲು ಓಡಿದಳು. ಯಾರೂ ಹೇಳದೆ ಅವಳು ಕೈ ತೊಳೆದದ್ದು ಅದೇ ಮೊದಲು.

ಚಿಕ್ಕಿ ಎಂದರೆ ಜೀರುಂಡೆಯ ಅಪ್ಪನ ಈಗಿನ ಹೆಂಡತಿ. ನನಗೆ ತಂಗಿಯಿಲ್ಲ; ಬೇಕೆಂದು ಯಾರನ್ನೂ ಕೇಳಿರಲೂ ಇಲ್ಲ. ಆದರೂ ನನ್ನ ಮಗಳಿಗೊಬ್ಬಳು ಚಿಕ್ಕಿ ಒದಗಿಬಂದಳು. ನಾನು ಮತ್ತು ಜೀರುಂಡೆಯ ಅಪ್ಪ ಬೇರೆಯಾದ ಮೇಲೆ ಶಾಲೆಯ ದಿನಗಳು ನನ್ನವು, ಶನಿವಾರ ಭಾನುವಾರ ಅವರದು ಎಂದು ಮಾತಾಗಿತ್ತು. ಗಂಡ ಹೋದದ್ದಕ್ಕೆ ನನಗೆ ಹೊಟ್ಟೆಯುರಿಯಲಿಲ್ಲ. ಅವನು ಇದ್ದಾಗಲೂ ಇದ್ದಹಾಗಿರಲಿಲ್ಲ. ಹೊಟ್ಟೆಯುರಿದದ್ದು ದಾಳಿಂಬೆಯ ಕಲೆ ಹೋದದ್ದಕ್ಕೆ.

ದಾಳಿಂಬೆ ಎಂದರೆ ಸಾಮಾನ್ಯವಲ್ಲ. ರಕ್ತ, ಹಾಲು, ಮೊಟ್ಟೆಗೆ ತಣ್ಣೀರು ಬೇಕು; ಬಿಸಿನೀರು ಸೋಕಿದರೆ ಕಲೆ ಬಟ್ಟೆಯಲ್ಲೇ ಬೆಂದು ಕೂರುತ್ತದೆ. ಹಣ್ಣಿನ ರಸಕ್ಕೆ ಇದರ ತದ್ವಿರುದ್ಧ, ಬಟ್ಟೆಯನ್ನು ಬಿಗಿಯಾಗಿ ಹಿಡಿದು ಎತ್ತರದಿಂದ ಕುದಿನೀರು ಸುರಿಯಬೇಕು. ತುಕ್ಕು ನಿಂಬೆಹಣ್ಣು, ಉಪ್ಪು, ಬಿಸಿಲಿಗೆ ಮಣಿಯುತ್ತದೆ. ಎಣ್ಣೆಯನ್ನು ಸೀಮೆಸುಣ್ಣದ ಪುಡಿ ಹೀರುತ್ತದೆ. ದಾಳಿಂಬೆ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಕೆಂಪು ಹೋದರೆ ಕಂದು ಉಳಿಯುತ್ತದೆ, ಸೋಡ ಹಾಕಿದಿರೋ ಕಂದು ಬೂದಾಗುತ್ತದೆ. ದಾಳಿಂಬೆ ಹತ್ತಿದ ಬಟ್ಟೆ ಹಿಡಿದು ಬರುವ ತಾಯಂದಿರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: “ಕಲೆ ಹೋಗುತ್ತೆ, ನೆರಳು ಉಳಿಯುತ್ತೆ.”

ನನ್ನ ಕೈಯಲ್ಲಿದ್ದ ಫ್ರಾಕಿನಲ್ಲಿ ನೆರಳೂ ಇರಲಿಲ್ಲ.

ಇದೇ ಹೆಂಗಸು, ಮಗಳು ಮೊದಲ ಸಲ ಅಲ್ಲಿಗೆ ಹೋಗಿ ಬಂದಾಗ, ಕತ್ತಿನ ಪಟ್ಟಿಯ ಮೇಲೆ ಮೊಟ್ಟೆಯ ಕಲೆಯನ್ನು ಬಿಸಿನೀರಲ್ಲಿ ತೊಳೆದು ಹಳದಿ ಹಪ್ಪಳದಂತೆ ಬೇಯಿಸಿ ಕಳಿಸಿದ್ದಳು. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ನಾನು ಆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ಬಟ್ಟೆ ನೋಡ್ಕೊಳ್ಳೋಕೆ ಬರದವರು ಮಗು ನೋಡ್ಕೋತಾರಂತೆ,” ಎಂದಿದ್ದೆ. ಎಲ್ಲರೂ ನಕ್ಕಿದ್ದರು. ಮಗಳನ್ನು ಬಿಡಲು ಬಂದು ನಿಂತಿದ್ದ ಅವಳೂ ನಕ್ಕಿದ್ದಳು, ತುಟಿಯಿಂದ. ಜೀರುಂಡೆ ನಗಲಿಲ್ಲ, ಆ ಕತ್ತಿನ ಪಟ್ಟಿ ಅವಳ ಕತ್ತಿನಲ್ಲೇ ಇತ್ತು.

ಅಲ್ಲಿಂದೀಚೆಗೆ ಒಂದು ಕಲೆಯೂ ಬಂದಿರಲಿಲ್ಲ. ಹುಲ್ಲಿಲ್ಲ, ಮಸಿಯಿಲ್ಲ, ಚಾಕೊಲೇಟಿಲ್ಲ. ಈಗ ದಾಳಿಂಬೆಯೂ ಇಲ್ಲ.

*

ನಮ್ಮ ಅಂಗಡಿಯ ಹಿಂದೆ ಕೆಲಸದ ಕೋಣೆ, ಅದರ ಹಿಂದೆ ಮನೆ, ಅದರ ಹಿಂದೆ ಒಗೆದ ನೀರು ಕುಡಿದು ಕೊಬ್ಬಿದ ಒಂದು ಬಾಳೆಗಿಡ. ಕೆಲಸದ ಕೋಣೆಯಲ್ಲಿ ಅಂಟುವಾಳದ ಕಾಯಿಯ ಮೂಟೆಗಳು, ನಿಂಬೆಸಿಪ್ಪೆ ಹುಳಿಯುವ ಜಾಡಿಗಳು, ಬೂದಿನೀರು ಸೋಸುವ ಬಟ್ಟೆ. ಮಧ್ಯದಲ್ಲಿ ಸ್ಟೂಲಿನ ಮೇಲೆ ನನ್ನ ಸೋದರತ್ತೆ. ಅತ್ತೆ ಪುಡಿಯನ್ನು ಪೊಟ್ಟಣಕ್ಕೆ ತುಂಬುತ್ತಾಳೆ, ಮತ್ತು ನನ್ನ ತಲೆಗೆ ಮಾತು ತುಂಬುತ್ತಾಳೆ. ಎರಡರಲ್ಲೂ ಅಳತೆ ತಪ್ಪುವುದಿಲ್ಲ.

ಈ ಕೋಣೆಯಲ್ಲಿ ಒಂದು ಪದ್ಧತಿಯಿದೆ. ಹೊಸ ಪುಡಿಯನ್ನು ಯಾವ ಬಟ್ಟೆಯ ಮೇಲೆ ಪರೀಕ್ಷಿಸುತ್ತೇನೋ ಅದರ ಪಕ್ಕದ ಒಳಹೊಲಿಗೆಯಲ್ಲಿ ಒಂದು ನೂಲಿನ ಗಂಟು ಹಾಕುತ್ತೇನೆ. ಅಂಟುವಾಳಕ್ಕೆ ನೀಲಿ, ಸೋಡಕ್ಕೆ ಕೆಂಪು, ನಿಂಬೆಗೆ ಹಸಿರು. ಎಷ್ಟು ಒಗೆದರೂ ಯಾವ ಬಟ್ಟೆಗೆ ಏನು ತಾಗಿದೆ ಎಂದು ಗಂಟು ಹೇಳುತ್ತದೆ. ಪರೀಕ್ಷೆಗೆ ಬೇರೆ ಮಕ್ಕಳ ಬಟ್ಟೆಯನ್ನು ಎಲ್ಲಿಂದ ತರಲಿ? ಜೀರುಂಡೆಯ ಎಲ್ಲ ಫ್ರಾಕುಗಳಲ್ಲೂ ಗಂಟುಗಳಿದ್ದವು. ಕಲೆ ಚೆನ್ನಾಗಿ ಕಾಣಲೆಂದು ಫ್ರಾಕುಗಳೆಲ್ಲ ಬಿಳಿ, ಒಂದೇ ಅಂಗಡಿಯವು, ಒಂದೇ ಮಾದರಿಯವು. ಬಿಳಿ ಫ್ರಾಕಿನ ಹುಡುಗಿ ಎಂದರೆ ಬೀದಿಗೆಲ್ಲ ಗೊತ್ತು. ನನ್ನ ಪೊಟ್ಟಣಕ್ಕಿಂತ ದೊಡ್ಡ ಜಾಹೀರಾತು ಅವಳು. ನಿದ್ದೆ ಬರುವಾಗ ಅವಳಿಗೆ ಆ ಗಂಟುಗಳನ್ನು ಬೆರಳಲ್ಲಿ ತಿಕ್ಕುವ ಅಭ್ಯಾಸ. ಕೆಲವು ಮಕ್ಕಳು ಹೆಬ್ಬೆರಳು ಚೀಪುವುದಿಲ್ಲವೇ, ಹಾಗೆ.

ಮುಂದಿನ ಶನಿವಾರ ಚಿಕ್ಕಿ ಮಗಳನ್ನು ಕರೆದೊಯ್ಯಲು ಬಂದಾಗ ನಾನು ಕೌಂಟರಿನ ಹಿಂದಿನಿಂದಲೇ ಕೇಳಿದೆ.

“ದಾಳಿಂಬೆಗೆ ಏನು ಹಾಕಿದ್ರಿ?”

“ಅಯ್ಯೋ, ಏನಿಲ್ಲ ಅಕ್ಕಾ... ಸುಮ್ನೆ... ನಿಂಬೆಹಣ್ಣು.”

ಅಕ್ಕ ಅಂತೆ ಅಕ್ಕ. “ಬರೀ ನಿಂಬೆಹಣ್ಣಾ?”

“ಸ್ವಲ್ಪ ಉಪ್ಪು ಕೂಡ.” ಅವಳು ನೆಲ ನೋಡಿದಳು. “ಆಮೇಲೆ ಬಿಸಿಲು.”

“ಆ ಶನಿವಾರ ಬಿಸಿಲೆಲ್ಲಿತ್ತು? ಮೋಡ ಕವಿದಿತ್ತಲ್ಲ.”

“ನಮ್ಮ ಬಾಲ್ಕನಿಗೆ ಸ್ವಲ್ಪ ಬರುತ್ತೆ ಅಕ್ಕಾ,” ಎಂದು ಜೀರುಂಡೆಯ ಕೈಹಿಡಿದು ಹೊರಟೇಬಿಟ್ಟಳು. ಸೂರ್ಯನೂ ಆ ಮನೆಯ ಕಡೆಗೇ ಸೇರಿಕೊಂಡಿದ್ದಾನೆ ಎಂದಾಯಿತು. ಬೀದಿಯ ತಿರುವಿನವರೆಗೂ ನೋಡಿದೆ. ತಿರುವಿನಲ್ಲಿ ನನ್ನ ಮಗಳು ಅವಳ ಸೊಂಟಕ್ಕೆ ತಲೆ ಗುದ್ದಿ ಏನೋ ಹೇಳಿದಳು, ಇಬ್ಬರೂ ನಕ್ಕರು.

“ಏನೋ ಮುಚ್ಚಿಡ್ತಿದಾಳೆ,” ಎಂದೆ.

“ಅವಳು ಮುಚ್ಚಿಟ್ರೆ ನಿಂಗೇನು? ನಿನ್ನ ಬೂದಿನೀರಿನ ಹದ ನೀನು ಯಾರಿಗಾದ್ರೂ ಹೇಳಿದೀಯಾ?” ಎಂದಳು ಅತ್ತೆ.

“ನಂದು ಕಸುಬು ಅತ್ತೆ.”

“ಅವಳದ್ದು ಸಂಸಾರ ಕಣೆ.”

ಆ ಎರಡು ದಿನ ನಾನು ದಾಳಿಂಬೆಯೊಡನೆ ಕಳೆದೆ. ಬಿಳಿ ಬಟ್ಟೆಯ ತುಂಡುಗಳಿಗೆ ರಸ ಹಚ್ಚಿ ಒಂದನ್ನು ಕುದಿನೀರಿಗೆ ಕೊಟ್ಟೆ, ಒಂದನ್ನು ನಿಂಬೆಗೆ, ಒಂದನ್ನು ಹುಳಿ ಬಂದ ಸಿಪ್ಪೆನೀರಿಗೆ, ಒಂದನ್ನು ಅಂಟುವಾಳದ ನೊರೆಗೆ. ತುಂಡುಗಳೆಲ್ಲ ತಂತಿಯ ಮೇಲೆ ಕಂದು ನಾಲಿಗೆ ಚಾಚಿ ನನ್ನನ್ನು ಅಣಕಿಸಿದವು. ಅತ್ತೆ ಉಳಿದ ದಾಳಿಂಬೆ ತಿನ್ನುತ್ತ ಹೇಳಿದಳು: “ಒಲೆ ಆರಿಸೆ. ನಿನ್ನ ಹೊಟ್ಟೆಕಿಚ್ಚಲ್ಲೇ ಒಂದು ಹಂಡೆ ನೀರು ಕಾಯುತ್ತೆ.”

ಭಾನುವಾರ ಸಂಜೆ ಜೀರುಂಡೆ ಬಂದಳು. ಫ್ರಾಕು ಹಾಲಿನಷ್ಟು ಬಿಳಿ. ಊಟಕ್ಕೆ ಕೂತಾಗ ತಟ್ಟೆಯ ಅಂಚನ್ನು ನೋಡುತ್ತ ಕೇಳಿದಳು.

“ಅಮ್ಮಾ, ಬೇಸಿಗೆ ರಜಾ ಪೂರ್ತಿ ಅಲ್ಲೇ ಇರ್ಲಾ?”

ನಾನು ಸೌಟನ್ನು ಪಾತ್ರೆಯಲ್ಲೇ ಬಿಟ್ಟೆ.

“ಯಾರು ಹೇಳ್ಕೊಟ್ರು?”

“ಯಾರೂ ಇಲ್ಲ. ನಾನೇ. ಅಮ್ಮನ್ನ ಕೇಳು, ಅಮ್ಮ ಹೂಂ ಅಂದ್ರೆ ಮಾತ್ರ ಅಂದ್ಲು ಚಿಕ್ಕಿ. ರಜಾ ಶುರುವಾಗೋದ್ರೊಳಗೆ ಹೇಳ್ಬೇಕಂತೆ.”

“ಅಲ್ಲೇನಿದೆ ಅಂಥದ್ದು?”

ಎಂಥ ಪ್ರಶ್ನೆಗೂ ಉದ್ದುದ್ದ ಉತ್ತರ ಕೊಡುವ ಜೀರುಂಡೆ ಭುಜ ಕುಣಿಸಿ, ತುತ್ತನ್ನು ಬಾಯಿಗಿಟ್ಟು, ತಟ್ಟೆಯಾಚೆ ಬಿದ್ದ ಒಂದು ಅಗುಳನ್ನು ಹೆಕ್ಕಿ ಒಳಗೆ ಹಾಕಿಕೊಂಡಳು. ನನ್ನ ಮನೆಯಲ್ಲಿ ಅವಳು ಬಹಳ ಚೊಕ್ಕ.

“ನೋಡೋಣ,” ಎಂದೆ. ತಾಯಂದಿರ ಭಾಷೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದು ಮಕ್ಕಳಿಗೆಲ್ಲ ಗೊತ್ತು.

*

ಆ ವಾರ ನಾನು ನನ್ನ ಕಸುಬಿನವರು ಯಾರೂ ಮಾಡಬಾರದ ಕೆಲಸ ಮಾಡಿದೆ. ಶುಕ್ರವಾರ ಸಂಜೆ ಹಿಂದಿನ ಬಾಳೆಗಿಡದ ದಿಂಡಿಗೆ ಕತ್ತಿಯಿಂದ ಗೀರಿ, ಸುರಿದ ಸೊನೆಯನ್ನು ಒಂದು ಫ್ರಾಕಿನ ಅಂಚಿಗೆ ಹಚ್ಚಿದೆ. ಸೊನೆ ಹಚ್ಚುವಾಗ ನೀರಿನಂತೆ, ಒಣಗಿದರೆ ಕಬ್ಬಿಣದಂತೆ. ಮೊದಲು ಏನೂ ಕಾಣುವುದಿಲ್ಲ, ಮರುದಿನ ಕಪ್ಪಗೆ ಮೂಡುತ್ತದೆ, ಮತ್ತೆ ಬಟ್ಟೆ ಹರಿದುಹೋಗುವವರೆಗೂ ಇರುತ್ತದೆ. ಬಾಳೆಯ ಸೊನೆಗೆ ನನ್ನಲ್ಲಿ ಮದ್ದಿಲ್ಲ. ಲೋಕದಲ್ಲೇ ಇಲ್ಲ. ಆ ಫ್ರಾಕನ್ನು ಮಡಚಿ ಚೀಲಕ್ಕಿಟ್ಟೆ. ಈಗ ನೋಡೋಣ ಚಿಕ್ಕಿಯ ಚಮತ್ಕಾರ.

“ಉಗುರು ಯಾಕೆ ಕಪ್ಪಗಿದೆ?” ಎಂದಳು ಅತ್ತೆ ಶನಿವಾರ.

“ಬಾಳೆಗಿಡದ ಒಣಗಿದ ಎಲೆ ಕತ್ತರಿಸಿದೆ.”

“ಒಣಗಿದ ಎಲೇಲಿ ಸೊನೆ ಇರುತ್ತಾ? ನಂಗೆ ಇವತ್ತೇ ಗೊತ್ತಾಗಿದ್ದು.”

ಭಾನುವಾರ ಫ್ರಾಕು ಬಂತು. ಅಂಚನ್ನು ಇಂಚಿಂಚಾಗಿ ಬೆಳಕಿಗೆ ಹಿಡಿದೆ. ಕಲೆಯಿಲ್ಲ. ಮೂಗಿಗೆ ಹಿಡಿದೆ. ನಾಲಿಗೆಗೂ ತಾಗಿಸಿದೆ ಎಂದರೆ ನೀವು ನಗಬಹುದು. ನಿಂಬೆಯ ಹುಳಿಯಿಲ್ಲ, ಸೋಡದ ಉಪ್ಪಿಲ್ಲ. ಗಂಡನನ್ನು ಕೊಂಡುಹೋದವಳಿಗೆ ಒಯ್ಯು ಎಂದಿದ್ದೆ. ಮಗಳ ಎರಡೆರಡು ದಿನಗಳನ್ನು ಹಂಚಿಕೊಟ್ಟಿದ್ದೆ. ಉಳಿದಿದ್ದದ್ದು ನನ್ನ ಕೈಗುಣ ಒಂದು. ಅದನ್ನೂ ಇವಳು ಅಡುಗೆಮನೆಯ ಸಿಂಕಿನಲ್ಲಿ ನಿಂತು, ನಿದ್ದೆಗಣ್ಣಲ್ಲಿ ಎಂಬಂತೆ, ಮೀರಿಸಿಬಿಟ್ಟಿದ್ದಳು. ಇನ್ನು ಮಗಳು ರಜೆಗೆ ಅಲ್ಲಿ ಹೋಗಿ ಕೂತರೆ ವಾಪಸು ಬರುವಳೆಂದು ಯಾವ ಭರವಸೆ?

ಜೀರುಂಡೆ ಆಡಿ ದಣಿದು ಬಂದವಳು ಅಂಟುವಾಳದ ಮೂಟೆಗೆ ಒರಗಿ ಅಲ್ಲೇ ತೂಕಡಿಸಿದ್ದಳು. ಸಂಜೆಯ ಬಿಸಿಲು ಅವಳ ಮೊಣಕಾಲ ಮೇಲಿತ್ತು. ಅವಳ ಬೆರಳುಗಳು ಫ್ರಾಕಿನ ಪಕ್ಕದ ಹೊಲಿಗೆಯಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಏನನ್ನೋ ತಡಕುತ್ತಿದ್ದವು. ಕೆಲವು ವಾರಗಳಿಂದ ಇದನ್ನು ನೋಡುತ್ತಿದ್ದೆ. ತುರಿಕೆ ಇರಬೇಕೆಂದು ಕೊಬ್ಬರಿ ಎಣ್ಣೆಯನ್ನೂ ಸವರಿದ್ದೆ. ಅಂದು ಬಗ್ಗಿ ಹೊಲಿಗೆಯನ್ನು ಹೊರಮಗ್ಗುಲಾಗಿಸಿ ನೋಡಿದೆ.

ಗಂಟಿರಲಿಲ್ಲ.

ನೀಲಿಯಿಲ್ಲ, ಕೆಂಪಿಲ್ಲ, ಹಸಿರಿಲ್ಲ. ಬಿಚ್ಚಿದ ಗುರುತೂ ಇಲ್ಲ. ಕೈಯಲ್ಲಿದ್ದ ಬಾಳೆಯ ಫ್ರಾಕನ್ನು ತಿರುವಿದೆ. ಅದರಲ್ಲೂ ಇಲ್ಲ. ಓಡಿಹೋಗಿ ಕಪಾಟಿನ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಸುರಿದೆ. ಗಂಟಿದ್ದವು ಕೆಲವೇ ಕೆಲವು, ಹಳೆಯವು. ಉಳಿದವೆಲ್ಲ ಎರಡು ಮೂರು ಸಲ ಒಗೆದು ಮೆತ್ತಗೆ ಮಾಡಿದ ಹೊಚ್ಚಹೊಸ ಫ್ರಾಕುಗಳು.

ಕಲೆ ತೆಗೆಯುವವರಿಗೆ ಇದೊಂದು ಕುರುಡು. ನಾವು ಬಟ್ಟೆಯನ್ನು ನೋಡುವುದಿಲ್ಲ, ಕಲೆ ಇದ್ದ ಜಾಗವನ್ನು ನೋಡುತ್ತೇವೆ.

“ಅತ್ತೇ! ಅವಳು ಕಲೆ ತೆಗೆದೇ ಇಲ್ಲ! ಹೊಸದು ಕೊಂಡು ಕಳಿಸ್ತಿದಾಳೆ! ಕಳ್ಳಿ!”

ಅತ್ತೆ ಪೊಟ್ಟಣದ ಬಾಯಿ ಮಡಚಿದಳು. “ಕಳ್ಳತನ ಅಂದ್ರೆ ಮನೇಲಿರೋದು ಹೋಗ್ಬೇಕು. ಇಲ್ಲಿ ಇಲ್ದೇ ಇರೋದು ಬಂದಿದೆ. ಇದ್ಯಾವ ಸೀಮೆ ಕಳ್ಳಿ?”

“ಮೋಸ ಅಲ್ವಾ?”

“ಮೋಸವೇ. ಖುಷಿಯಾಯ್ತಾ ಈಗ?”

ಆಗಿತ್ತು. ತುಂಬ ದಿನಗಳ ಮೇಲೆ ಹೊಟ್ಟೆಯಲ್ಲಿ ತಣ್ಣೀರು ಇಳಿದಂತಾಗಿತ್ತು. ನನ್ನನ್ನು ಯಾರೂ ಮೀರಿಸಿರಲಿಲ್ಲ. ಮೇಲಾಗಿ ಕೈಗೆ ಒಂದು ಕಾರಣ ಸಿಕ್ಕಿತ್ತು. ಮಗುವಿಗೆ ಸುಳ್ಳು ಕಲಿಸುವ ಮನೆಗೆ ರಜೆಗೆ ಕಳಿಸುವುದಿಲ್ಲ. ಈ ಮಾತಿಗೆ ಜೀರುಂಡೆಯ ಅಪ್ಪನೂ ಎದುರಾಡಲಾರ. ವಾರವಿಡೀ ಆ ವಾಕ್ಯವನ್ನು ಬಾಯಲ್ಲಿಟ್ಟು ಚಪ್ಪರಿಸಿದೆ. ಜೀರುಂಡೆಯನ್ನು ಏನೂ ಕೇಳಲಿಲ್ಲ. ಭಾನುವಾರ, ಚಿಕ್ಕಿ ಅವಳನ್ನು ಕರೆತರುವ ಹೊತ್ತಿಗೆ ಮುಂಚೆ, ಗಂಟಿಲ್ಲದ ಫ್ರಾಕುಗಳನ್ನೆಲ್ಲ ಒಂದು ಕೈಚೀಲಕ್ಕೆ ತುರುಕಿ ನಾನೇ ಹೊರಟೆ.

*

ಆ ಮನೆ ಒಂದು ಹಳೆಯ ಕಟ್ಟಡದ ಮೇಲಿನ ಅಂತಸ್ತಿನಲ್ಲಿತ್ತು. ನಾನು ಎಂದೂ ಕೆಳಗಿನ ಗೇಟು ದಾಟಿದವಳಲ್ಲ. ಮೆಟ್ಟಿಲಿನ ಗೋಡೆಯ ಉದ್ದಕ್ಕೂ, ಏಳು ವರ್ಷದ ಮಗುವಿನ ಭುಜದ ಎತ್ತರಕ್ಕೆ, ಬಣ್ಣದ ಕೈಯ ಗುರುತುಗಳು. ಒಂದು ಕೈ ನನಗೆ ಗೊತ್ತಿತ್ತು. ಕಿರುಬೆರಳು ಸ್ವಲ್ಪ ಡೊಂಕು.

ಬಾಗಿಲು ತೆರೆದೇ ಇತ್ತು. ಎದುರಿಗೆ ಬಾಲ್ಕನಿ, ಬಾಲ್ಕನಿಗೆ ಅಡ್ಡಲಾಗಿ ತಂತಿ, ತಂತಿಯ ತುಂಬ ನನ್ನ ಮಗಳ ಫ್ರಾಕುಗಳು.

ಹುಲ್ಲಿನ ಹಸಿರು ಹತ್ತಿದ್ದು. ಮಸಿ ಚೆಲ್ಲಿದ್ದು. ಎದೆಯ ಮೇಲೆ ಚಾಕೊಲೇಟ್ ಹರಿದದ್ದು. ಸೈಕಲ್ ಚೈನಿನ ಹಲ್ಲುಗಳು ಅಚ್ಚೊತ್ತಿದ್ದು. ನಡುವೆ, ಗಾಳಿಗೆ ಉಬ್ಬಿ, ಹೊಟ್ಟೆಯ ಮೇಲೂ ಹಿಂಬದಿಯಲ್ಲೂ ದೊಡ್ಡ ಕಂದು ನಕಾಶೆಯಿದ್ದದ್ದು. ಚೆಲ್ಲಿಕೊಂಡದ್ದು ಮುಂದೆ, ಅದರ ಮೇಲೆ ಕೂತದ್ದು ಹಿಂದೆ. ಜೀರುಂಡೆ ಸುಳ್ಳು ಹೇಳಿರಲಿಲ್ಲ. ನಾನು ವಾರವಾರವೂ ಬೆಳಕಿಗೆ ಹಿಡಿದು ಹುಡುಕಿದ್ದೆಲ್ಲ ಇಲ್ಲಿ ಸಾಲಾಗಿ ತೂಗುತ್ತಿತ್ತು. ಅವಳ ಶನಿವಾರ, ಭಾನುವಾರಗಳು. ನಾನಿಲ್ಲದ ದಿನಗಳು.

ತಂತಿಯ ಕೆಳಗೆ ಜೀರುಂಡೆ ಹೂಕುಂಡದ ಮಣ್ಣನ್ನು ನೆಲಕ್ಕೆ ಸುರಿದುಕೊಂಡು ಏನೋ ಕಟ್ಟುತ್ತ, ಬಾಯಿಗೆ ಬಂದದ್ದು ಹಾಡುತ್ತ ಕೂತಿದ್ದಳು. ಮೈಮೇಲೆ ಅಂಚು ಕಪ್ಪಾದ ಫ್ರಾಕು. ನನ್ನ ಬಾಳೆಯ ಸೊನೆ.

“ಜೀರುಂಡೆ,” ಎಂದೆ.

ಅವಳು ತಲೆಯೆತ್ತಿದಳು. ಓಡಿಬರಲಿಲ್ಲ. ಹಾಡು ನಿಂತಿತು. ಎರಡೂ ಕೈಗಳಿಂದ ಫ್ರಾಕಿನ ಅಂಚನ್ನು ಮುಷ್ಟಿಮಾಡಿ ಮಡಿಲೊಳಗೆ ಮುಚ್ಚಿಕೊಂಡಳು. ಮಣ್ಣಿನ ಕೈಯಾದ್ದರಿಂದ ಫ್ರಾಕು ಇನ್ನಷ್ಟು ಕೊಳೆಯಾಯಿತು. ಅದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

“ಅಮ್ಮಾ, ಇದು ಇಲ್ಲಿ ಹಾಕೋದು. ಅಲ್ಲೀದಲ್ಲ. ಅಲ್ಲೀದು ಒಳಗಿದೆ, ಚೆನ್ನಾಗಿದೆ.”

ಅಡುಗೆಮನೆಯಿಂದ ಚಿಕ್ಕಿ ಬಂದಳು. ನನ್ನ ಕೈಚೀಲ ನೋಡಿದಳು, ತಂತಿ ನೋಡಿದಳು, ಮೂಲೆಗೆ ಸಿಕ್ಕಿಬಿದ್ದ ಇಲಿಯಂತೆ ಎಲ್ಲೂ ಓಡಲಾರದೆ ನಿಂತಳು.

“ಅಕ್ಕಾ... ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ನಿಂಬೆಹಣ್ಣು, ಉಪ್ಪು, ಬಿಸಿಲು. ಅಲ್ವಾ?”

“ನಂಗೆ ಒಂದು ಕಲೆನೂ ತೆಗೆಯೋಕೆ ಬರಲ್ಲ ಅಕ್ಕಾ.” ಅವಳ ಕಣ್ಣು ತುಂಬಿತು, ಆದರೆ ಮಾತಿನಲ್ಲಿ ನಗು ಎಲ್ಲೋ ಅಂಟಿಕೊಂಡಿತ್ತು. “ನಿಮ್ಮ ಪುಡಿನೂ ತಂದೆ. ನಿಮ್ಮ ಅಂಗಡೀಲಿ ಕೇಳೋಕೆ ಭಯ, ಅದಕ್ಕೆ ಪೇಟೆ ಬೀದಿ ಅಂಗಡಿಯಿಂದ. ಬರೆದಿರೋ ಹಾಗೇ ಮಾಡ್ದೆ. ಪೊಟ್ಟಣದ ಮೇಲೆ ಒಂದು ಮಗು ನಗ್ತಾ ಇದ್ಯಲ್ಲಾ, ಅದು ದಾಳಿಂಬೆ ತಿಂದಿಲ್ಲ ಅನ್ಸುತ್ತೆ.”

ನೆರಳು ಉಳಿಯುತ್ತೆ ಎಂದು ಪೊಟ್ಟಣದ ಮೇಲೆ ನಾನು ಬರೆಸಿರಲಿಲ್ಲ. ಅದು ಬೇರೆ ವಿಷಯ. ನಾನು ವಾರವಿಡೀ ಚಪ್ಪರಿಸಿದ ವಾಕ್ಯವನ್ನು ಹೊರತೆಗೆದೆ.

“ಮಗೂಗೆ ಸುಳ್ಳು ಹೇಳೋದು ಕಲಿಸಿದ್ರಿ. ಇಂಥ ಮನೇಗೆ ರಜಕ್ಕೆ ಕಳಿಸು ಅಂದ್ರೆ...”

“ಚಿಕ್ಕಿ ಅಲ್ಲ!” ಜೀರುಂಡೆ ನಡುವೆ ಬಂದಳು, ಫ್ರಾಕಿನ ಮುಷ್ಟಿ ಬಿಡದೆಯೇ. “ನಾನೇ ಹೇಳಿದ್ದು. ಆ ಅಂಗಡೀಲಿ ಇದೇ ಥರದ್ದು ರಾಶಿ ಇದೆ, ಅಮ್ಮಂಗೆ ಗೊತ್ತಾಗಲ್ಲ ಅಂತ. ನಾನೇ ಕರ್ಕೊಂಡು ಹೋಗಿ ತೋರಿಸಿದ್ದು.”

“ಯಾಕೆ?”

“ನೀನು ಎತ್ತಿ ಹಿಡಿದು ತೋರಿಸ್ತೀಯಲ್ಲ. ಎಲ್ಲರಿಗೂ.”

ಗಾಳಿಗೆ ತಂತಿಯ ಮೇಲಿನ ದಾಳಿಂಬೆ ಒಮ್ಮೆ ನನ್ನ ಕಡೆ ತಿರುಗಿ ಮತ್ತೆ ಆಚೆ ತಿರುಗಿತು.

“ಬೇಡ ಅಂತ ನಾನು ಹೇಳ್ಬೇಕಿತ್ತು,” ಎಂದಳು ಚಿಕ್ಕಿ ಮೆಲ್ಲಗೆ. “ತಪ್ಪು ನಂದೇ. ಹಳೇದನ್ನ ಬಿಸಾಕೋಣ ಅಂದ್ರೆ ಬಿಡ್ಲಿಲ್ಲ ಇವಳು. ಒಳಗೆ ಗಂಟಿದೆ, ಅಮ್ಮ ಹಾಕಿದ್ದು ಅಂತಾಳೆ. ಅದನ್ನ ಹಿಡ್ಕೊಂಡೇ ಮಲಗೋದು. ಹೊಸ ಫ್ರಾಕು ಹಾಕಿದ್ರೆ ನಿದ್ದೇನೇ ಮಾಡಲ್ಲ.”

ಇದನ್ನು ಅವಳು ನನ್ನನ್ನು ಸಮಾಧಾನ ಮಾಡಲು ಹೇಳಿದಳೋ ಏನೋ. ನನಗೆ ಇನ್ನಷ್ಟು ಉರಿಯಿತು. ನನ್ನ ಗಂಟುಗಳು ಕೂಡ ಈ ಮನೆಯಲ್ಲೇ ಇದ್ದವು.

“ಇನ್ನೊಂದು ಮಾತು ಅಕ್ಕಾ. ಈ ಕಪ್ಪು ಕಲೆ ಎಲ್ಲಿ ಆಯ್ತು ಅಂತ ಅವಳಿಗೂ ಗೊತ್ತಿಲ್ಲ ಅಂತಾಳೆ. ನಾನು ಮಾಡಿಲ್ಲ ಮಾಡಿಲ್ಲ ಅಂತ ತುಂಬ ಅತ್ಲು. ನಾನು ಬೈದಿಲ್ಲ. ಆದ್ರೂ ಅತ್ಲು.” ಹೇಳುತ್ತ ಹೇಳುತ್ತ ಅವಳ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಚೀಲದ ಹಿಡಿಯನ್ನು ಸುತ್ತಿದ್ದ ನನ್ನ ಉಗುರುಗಳ ಸಂದಿಯಲ್ಲಿ ಕಪ್ಪು ಇನ್ನೂ ಹೋಗಿರಲಿಲ್ಲ. ಅವಳು ನೋಡಿದಳು. ನಾನೂ ನೋಡಿದೆ. ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ, ಮಗಳು ಫ್ರಾಕಿನ ಅಂಚನ್ನು ಎಳೆದುಕೊಂಡಂತೆಯೇ.

ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

“ನೀವು ಬೇಡ ಅಂದ್ರೆ ರಜಾ ವಿಷಯ ಬೇಡ ಅಕ್ಕಾ,” ಎಂದಳು ಆಮೇಲೆ. “ಇವಳಪ್ಪಂಗೂ ಹೇಳಿದೀನಿ. ನಿಮ್ಮ ಮಾತೇ ಮಾತು.”

“ಬಾ, ಹೋಗೋಣ,” ಎಂದೆ ಜೀರುಂಡೆಗೆ. “ಹಾಗೇ ಬಾ. ಬಟ್ಟೆ ಬದಲಾಯಿಸಬೇಡ.”

ಅವಳು ನನ್ನನ್ನು ನೋಡಿದ ರೀತಿ ನನಗೆ ಗೊತ್ತು. ಬೋನಿನೊಳಗಿಟ್ಟ ಕೊಬ್ಬರಿಯನ್ನು ಇಲಿ ಹಾಗೆ ನೋಡುತ್ತದೆ. “ಇಲ್ಲಮ್ಮ, ಬದಲಾಯಿಸ್ಕೊಂಡೇ ಬರ್ತೀನಿ,” ಎಂದು ಒಳಗೆ ಓಡಿದಳು. ಚಿಕ್ಕಿ ಹಿಂದೆ ಹೋದಳು. ಬಾಗಿಲು ಮುಚ್ಚಿತು. ನಲ್ಲಿಯ ಸದ್ದು, ಪಿಸುಮಾತು, ಆಮೇಲೆ ಒಂದು ಸಣ್ಣ ನಗು, ಯಾರದೆಂದು ತಿಳಿಯಲಿಲ್ಲ. ನಾನು ನನ್ನ ಮಗಳ ಕೊಳಕು ಬಟ್ಟೆಗಳ ಕೆಳಗೆ ಒಬ್ಬಳೇ ನಿಂತಿದ್ದೆ. ಗೊತ್ತಾಗದೆ ನನ್ನ ಕೈ ದಾಳಿಂಬೆಯ ಫ್ರಾಕಿನ ಒಳಹೊಲಿಗೆಗೆ ಹೋಗಿತ್ತು. ನೀಲಿ ಗಂಟು ತಿಕ್ಕಿಸಿಕೊಂಡು ತಿಕ್ಕಿಸಿಕೊಂಡು ನುಣ್ಣಗಾಗಿತ್ತು.

*

ಬಸ್ಸಿನಲ್ಲಿ ಜೀರುಂಡೆ ಕಿಟಕಿಯ ಪಕ್ಕ ಕೂತಳು. ಬಿಳಿ ಫ್ರಾಕು, ಬಿಳಿ ಕಾಲುಚೀಲ. ಮೊಣಕಾಲ ಮೇಲೆ ಚಿಕ್ಕಿ ಕೊಟ್ಟ ಡಬ್ಬಿ.

“ಏನದು?”

“ದಾಳಿಂಬೆ. ಮನೇಗೆ ಹೋಗಿ ತಿಂತೀನಿ.”

“ಈಗ್ಲೇ ತಿನ್ನು.”

“ಬಸ್ಸು ಅಲ್ಲಾಡುತ್ತೆ.”

“ಚೆಲ್ಲಿದ್ರೆ ಚೆಲ್ಲಲಿ.”

ಅವಳು ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಕೊನೆಗೆ ಮುಚ್ಚಳ ತೆರೆದು, ಡಬ್ಬಿಯನ್ನು ಗಲ್ಲದವರೆಗೆ ಎತ್ತಿಕೊಂಡು, ಒಂದೊಂದೇ ಕಾಳನ್ನು ತುಟಿಗಿಟ್ಟು ತಿಂದಳು. ಬಸ್ಸು ಗುಂಡಿಗೆ ಬಿದ್ದಾಗ ಡಬ್ಬಿಯ ಮೇಲೆ ಅಂಗೈ ಮುಚ್ಚಿದಳು. ನಮ್ಮ ನಿಲ್ದಾಣ ಬರುವವರೆಗೂ ಒಂದು ಹನಿ ಬೀಳಲಿಲ್ಲ. ಬೀಳಲಿ, ಬೀಳಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತಷ್ಟೂ ಅವಳು ಚೊಕ್ಕವಾಗಿ ತಿಂದಳು. ಇದನ್ನು ಅವಳಿಗೆ ಚಿಕ್ಕಿ ಕಲಿಸಿರಲಿಲ್ಲ.

ಮನೆಗೆ ಬಂದಾಗ ಅತ್ತೆ ನಮ್ಮಿಬ್ಬರ ಮುಖ ನೋಡಿ, ಏನನ್ನೂ ಕೇಳದೆ, ಪೊಟ್ಟಣಗಳ ಬುಟ್ಟಿಯನ್ನೆತ್ತಿಕೊಂಡು ಅಂಗಡಿಗೆ ಹೋದಳು. ಅತ್ತೆ ಏನೂ ಕೇಳದಿದ್ದರೆ ಎಲ್ಲವೂ ಗೊತ್ತಾಗಿದೆ ಎಂದರ್ಥ.

ಜೀರುಂಡೆ ಕೆಲಸದ ಮೇಜಿನ ಮೇಲೆ ಡಬ್ಬಿಯಿಟ್ಟು ಸ್ಟೂಲು ಹತ್ತಿ ಕೂತಳು. ಕಾಲು ತೂಗಾಡಿಸಲಿಲ್ಲ.

“ಹಾಗಾದ್ರೆ ರಜಾಕ್ಕೆ ಹೋಗೋ ಹಾಗಿಲ್ಲ ಅಲ್ವಾ?”

ಇಲ್ಲ ಎನ್ನಲು ಎಲ್ಲ ಅನುಕೂಲವಿತ್ತು. ನಿಮ್ಮ ಮಾತೇ ಮಾತು ಎಂದು ಚಿಕ್ಕಿಯೇ ನನ್ನ ಕೈಗೆ ಕೊಟ್ಟಿದ್ದಳು. ಇಲ್ಲ ಎಂದರೆ ರಜೆಯುದ್ದಕ್ಕೂ ಮಗಳು ನನ್ನ ಕಣ್ಣೆದುರು ಇರುತ್ತಾಳೆ, ಬೆಳ್ಳಗೆ, ಚೊಕ್ಕವಾಗಿ, ಅಂಗೈ ಮುಚ್ಚಿಕೊಂಡು.

“ಹೋಗು,” ಎಂದೆ. “ಆದ್ರೆ ಬರೋವಾಗ ಆ ದಾಳಿಂಬೆ ಫ್ರಾಕು ತಗೊಂಡು ಬರ್ಬೇಕು.”

“ತೊಳೆಯೋಕಾ?”

“ಅಲ್ಲ. ಇಲ್ಲಿ ಹಾಕ್ಕೊಳ್ಳೋಕೆ.”

ಅವಳು ಅದನ್ನು ತೂಗಿ ನೋಡಿದಳು. ತಲೆ ಅಲ್ಲಾಡಿಸಿದಳು. “ಬೇಡ. ಅದು ಅಲ್ಲೀದು. ಅಲ್ಲಿ ಆಗಿದ್ದು. ಇಲ್ಲಿಗೆ ಇಲ್ಲೀದೇ ಆಗ್ಬೇಕು.”

“ಸರಿ. ಆಗ್ಲಿ.”

ಡಬ್ಬಿಯ ತಳದಲ್ಲಿ ಸ್ವಲ್ಪ ಕಾಳು ಉಳಿದಿದ್ದವು. ಅವಳು ಒಂದನ್ನು ಹೆಕ್ಕಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಫ್ರಾಕಿನ ಮೇಲೆ ತಂದು ನಿಲ್ಲಿಸಿದಳು. ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ನನ್ನ ಬಲಗೈ ತಾನೇ ತಾನಾಗಿ ಸಿಪ್ಪೆನೀರಿನ ಜಾಡಿಯ ಕಡೆ ಹೊರಟಿತ್ತು; ಅದನ್ನು ಎಳೆದು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆಯೇ ಕೂತೆ.

ಕಾಳು ಒಡೆಯಿತು. ಬಿಳಿಯ ಮೇಲೆ ಒಂದು ಕೆಂಪು ಚುಕ್ಕೆ, ಸಾಸಿವೆಯಷ್ಟು, ನಿಧಾನವಾಗಿ ನೂಲಿನ ಗುಂಟ ಹರಡಿ ನಿಂತಿತು. ಜೀರುಂಡೆ ಕಾದಳು. ನಾನು ಎತ್ತಿ ಹಿಡಿಯಲಿಲ್ಲ, ಬೆಳಕಿಗೆ ತಿರುಗಿಸಲಿಲ್ಲ. ಅವಳ ಕಾಲು ಮೆಲ್ಲಗೆ ತೂಗಾಡತೊಡಗಿತು.

ಅಲ್ಲಿ ತಂತಿ ತುಂಬ ಇದ್ದ ಕಲೆಗಳು ನನ್ನ ಕಣ್ಣಿಗೆ ಕಟ್ಟಿದಂತಿದ್ದವು.

“ಒಂದೇನಾ?” ಎಂದೆ.